ಸೀರೆಯ ಮೇಲೊಂದು ಅಂಗಿ: ದಾವಣಗೆರೆ–ಹರಿಹರದ ಬೀದಿ ಉಡುಗೆಯಲ್ಲಿ ವಿನ್ಯಾಸದ ಪಾಠ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 14 ಕಿಲೋಮೀಟರ್ ಅಂತರದಲ್ಲಿರುವ ದಾವಣಗೆರೆ ಮತ್ತು ಹರಿಹರ, ಕರ್ನಾಟಕದ ಜವಳಿ ಚರಿತ್ರೆಯಲ್ಲಿ ಎರಡು ಬೇರೆ ಬೇರೆ ನೂಲುಗಳ ಊರುಗಳು. ಸುತ್ತಲಿನ ಕಪ್ಪು ನೆಲದ ಹತ್ತಿಯನ್ನು ನಂಬಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ದಾವಣಗೆರೆ ಕಾಟನ್ ಮಿಲ್, ಶಂಕರ್ ಟೆಕ್ಸ್‌ಟೈಲ್ ಮಿಲ್, ಚಂದ್ರೋದಯ, ಆಂಜನೇಯ ಮೊದಲಾದ ಗಿರಣಿಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ತುಂಗಭದ್ರಾ ನದಿಯ ಆಚೆ, ಹರಿಹರದ ಎದುರು ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1970ರ ದಶಕದಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ಮರದ ತಿರುಳಿನಿಂದ ರೇಯಾನ್ ನಾರಿನ ದಾರಿಯನ್ನು ತೆರೆಯಿತು. ಹತ್ತಿ ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿ ದಶಕಗಳೇ ಕಳೆದಿವೆ, ಆ ಗಿರಣಿಗಳ ನೆನಪಾಗಿ ಡಿಸಿಎಂ (ದಾವಣಗೆರೆ ಕಾಟನ್ ಮಿಲ್) ಟೌನ್‌ಶಿಪ್, ಆಂಜನೇಯ ಬಡಾವಣೆ ಎಂಬ ಹೆಸರುಗಳು ಉಳಿದಿವೆ. ಈ ಊರುಗಳ ಬಟ್ಟೆ ತಯಾರಿಕೆಯ ಬಗ್ಗೆ, ಗಿರಣಿ ಕಾರ್ಮಿಕರ ಹೋರಾಟಗಳ ಬಗ್ಗೆ, ಕಾರ್ಮಿಕ ಮುಖಂಡ ಪಂಪಾಪತಿಯವರು 1978ರಿಂದ ಮೂರು ಬಾರಿ ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾದ ಬಗ್ಗೆ ಮಾತು ನಡೆದಿದೆ. ಇಲ್ಲಿನ ಜನ ಬಟ್ಟೆಯನ್ನು ಹೇಗೆ ಉಡುತ್ತಾರೆ, ಹಾಗೇಕೆ ಉಡುತ್ತಾರೆ ಎಂಬ ಪ್ರಶ್ನೆಗೆ ಸಿಕ್ಕ ಗಮನ ಅದಕ್ಕಿಂತ ಬಹಳ ಕಡಿಮೆ. ಉಡುಗೆ ವಿನ್ಯಾಸವನ್ನು ಕಲಿಯುವವರಿಗೆ, ತಮ್ಮ ಉಡುಪನ್ನು ತಾವೇ ಯೋಚಿಸಿ ಹೊಲಿಸಿಕೊಳ್ಳುವವರಿಗೆ ಬೇಕಾದ ಪ್ರೇರಣೆ ಮಾತ್ರ ಈ ಪ್ರಶ್ನೆಯ ಒಳಗೇ ಇದೆ.

ಉಡುಗೆಯ ಹೊಸ ರೂಪ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಸಮಾಜಶಾಸ್ತ್ರವು ಮೊದಲು ಕೊಟ್ಟ ಉತ್ತರ, ಅದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂಬುದಾಗಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲಿ, ಉಳ್ಳವರು ತಮ್ಮ ಬಿಡುವನ್ನೂ ಸಂಪತ್ತನ್ನೂ ಲೋಕಕ್ಕೆ ತೋರಿಸಲು ದುಬಾರಿ ಉಡುಪನ್ನು ಬಳಸುತ್ತಾರೆಂದು ವಾದಿಸಿದರು. ಜರ್ಮನಿಯ ಗಿಯೋರ್ಗ್ ಸಿಮ್ಮೆಲ್ 1904ರಲ್ಲಿ ಪ್ರಕಟವಾದ ಲೇಖನದಲ್ಲಿ, ಇತರರಂತೆ ಕಾಣಬೇಕೆಂಬ ಆಸೆ ಮತ್ತು ಇತರರಿಂದ ಬೇರೆಯಾಗಿ ಕಾಣಬೇಕೆಂಬ ಆಸೆ ಎರಡೂ ಒಟ್ಟಿಗೆ ಕೆಲಸ ಮಾಡಿದಾಗ ಫ್ಯಾಷನ್ ಉಂಟಾಗುತ್ತದೆಂದೂ, ಕೆಳವರ್ಗ ಅನುಕರಿಸಿದ ಕೂಡಲೇ ಮೇಲ್ವರ್ಗ ಮತ್ತೊಂದು ಹೊಸತಕ್ಕೆ ಜಿಗಿಯುತ್ತದೆಂದೂ ವಿವರಿಸಿದರು. ಈ ವಿವರಣೆ ಅರ್ಧ ಸತ್ಯವಷ್ಟೇ ಎಂಬುದನ್ನು ಇಪ್ಪತ್ತನೆಯ ಶತಮಾನವೇ ತೋರಿಸಿಕೊಟ್ಟಿತು. ಗಣಿ ಮತ್ತು ಹೊಲಗಳ ಕೂಲಿಗಾರರ ಪ್ಯಾಂಟಿನ ಜೇಬು ಹರಿಯದಿರಲೆಂದು ಜೇಕಬ್ ಡೇವಿಸ್ ಎಂಬ ದರ್ಜಿ ತಾಮ್ರದ ರಿವೆಟ್ ಬಡಿದ ಉಪಾಯಕ್ಕೆ, ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆಗೂಡಿ 1873ರಲ್ಲಿ ಪಡೆದ ಪೇಟೆಂಟ್, ಇಂದು ಎಲ್ಲ ವರ್ಗಗಳವರೂ ತೊಡುವ ಜೀನ್ಸ್‌ನ ಮೂಲ. 1960ರಲ್ಲಿ ಡಿಯೋರ್ ಸಂಸ್ಥೆಯ ವಿನ್ಯಾಸಕಾರರಾಗಿದ್ದ ಈವ್ ಸಾಂ ಲೊರಾಂ ಪ್ಯಾರಿಸ್ಸಿನ ಯುವಜನರ ಕಪ್ಪು ಚರ್ಮದ ಜಾಕೆಟ್ಟನ್ನು ಸಿರಿವಂತರ ವೇದಿಕೆಗೆ ಒಯ್ದಾಗ ಸಂಸ್ಥೆಯ ಹಳೆಯ ಗಿರಾಕಿಗಳು ಮುಖ ಸಿಂಡರಿಸಿದರು. ಮುಂದಿನ ವರ್ಷಗಳಲ್ಲಿ ಅದೇ ದಾರಿ ವಾಡಿಕೆಯಾಯಿತು. ಹೀಗೆ ಕೆಲಸಗಾರರ, ಯುವಜನರ, ಅಂಚಿನ ಸಮುದಾಯಗಳ ದಿನನಿತ್ಯದ ಉಡುಗೆಯಿಂದ ಮೇಲಕ್ಕೆ ಏರುವ ರೂಪಗಳನ್ನೇ ವಿಮರ್ಶಕರು ಬೀದಿ ಶೈಲಿ ಎಂದು ಕರೆದರು.

ಬೀದಿ ಶೈಲಿಯನ್ನು ದಾಖಲಿಸುವ ಪರಂಪರೆಯೂ ಅಷ್ಟೇ ಗೌರವಾನ್ವಿತವಾದುದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗಾಗಿ ದಶಕಗಳ ಕಾಲ ಸೈಕಲ್ ಏರಿ ಬೀದಿ ಸುತ್ತುತ್ತಾ ದಾರಿಹೋಕರ ಚಿತ್ರ ತೆಗೆದ ಬಿಲ್ ಕನಿಂಗ್‌ಹ್ಯಾಮ್ (1929–2016) ಸ್ವತಃ ತೊಡುತ್ತಿದ್ದುದು ಫ್ರಾನ್ಸಿನ ಕೂಲಿಕಾರರ ಅಗ್ಗದ ನೀಲಿ ಮೇಲಂಗಿಯನ್ನು. ಜಪಾನಿನ ಶೋಯಿಚಿ ಆವೊಕಿ 1997ರಿಂದ ಇಪ್ಪತ್ತು ವರ್ಷ ನಡೆಸಿದ ‘ಫ್ರೂಟ್ಸ್’ ಪತ್ರಿಕೆ, ಟೋಕಿಯೋದ ಹರಾಜುಕು ಪ್ರದೇಶದ ಹುಡುಗ ಹುಡುಗಿಯರು ತಾವೇ ಜೋಡಿಸಿಕೊಂಡ ಉಡುಗೆಗಳನ್ನು ಲೋಕಕ್ಕೆ ತೋರಿಸಿತು. ಆದರೆ ಕಾಲಕ್ರಮದಲ್ಲಿ, ಫ್ಯಾಷನ್ ಪ್ರದರ್ಶನಗಳ ಬಾಗಿಲಲ್ಲಿ ಛಾಯಾಗ್ರಾಹಕರಿಗಾಗಿಯೇ ಸಿಂಗರಿಸಿಕೊಂಡು, ಎಷ್ಟೋ ಸಲ ಕಂಪನಿಗಳಿಂದ ಎರವಲು ಪಡೆದ ಬಟ್ಟೆಯಲ್ಲಿ ನಿಲ್ಲುವವರ ಚಿತ್ರಗಳಿಗೂ ಬೀದಿ ಶೈಲಿ ಎಂಬ ಹೆಸರೇ ಅಂಟಿಕೊಂಡಿತು. ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿಯ ಮೊಬೈಲಿಗೆ ‘ಸ್ಟ್ರೀಟ್ ಸ್ಟೈಲ್’ ಎಂದು ತಲುಪುವುದು ಹೆಚ್ಚಾಗಿ ಈ ಎರಡನೆಯ ಬಗೆಯದು, ಮತ್ತು ಅದರಿಂದ ಆಕೆ ಕಲಿಯಬಹುದಾದುದು ತೀರ ಸ್ವಲ್ಪ. ಕಾಣಿಸಿಕೊಳ್ಳುವ ಉದ್ದೇಶವಿಲ್ಲದೆ, ಬಿಸಿಲು, ದೂಳು, ದುಡಿಮೆ, ಬೆಲೆ, ಮರ್ಯಾದೆ ಎಂಬ ಒತ್ತಡಗಳಿಗೆ ಉತ್ತರವಾಗಿ ಹುಟ್ಟಿದ ಉಡುಗೆಯಲ್ಲಿ ಪ್ರತಿಯೊಂದು ಮಡಿಕೆಗೂ ಒಂದು ಕಾರಣವಿರುತ್ತದೆ. ಆ ಕಾರಣವೇ ವಿನ್ಯಾಸಕಾರರಿಗೆ ದಕ್ಕಬೇಕಾದ ಪ್ರೇರಣೆ.

ಇಂಥ ಕಾರಣಗಳನ್ನು ಹುಡುಕಲು ಹರಿಹರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಏಕೆಂದರೆ ಅದು ಬಹುಕಾಲ ಗಡಿಯ ಊರಾಗಿತ್ತು. ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನದ ಉತ್ತರದ ತುದಿಯಾಗಿದ್ದರೆ ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಎರಡೂ ದಡಗಳು ಒಂದೇ ರಾಜ್ಯಕ್ಕೆ ಬಂದವಾದರೂ ಉಡುವ ಬಗೆಯಲ್ಲಿನ ಭೇದ ಅಷ್ಟು ಬೇಗ ಅಳಿಯುವಂಥದ್ದಾಗಿರಲಿಲ್ಲ. ಹರಿಹರೇಶ್ವರ ದೇವಸ್ಥಾನದ ಬೀದಿಯಲ್ಲಾಗಲಿ, ದಾವಣಗೆರೆಯ ದುಗ್ಗಮ್ಮನ ಗುಡಿಯ ಮುಂದಾಗಲಿ, ತಲೆಯ ಮೇಲೆ ಸೆರಗು ಹೊದ್ದು ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಉತ್ತರದ ಕಡೆಯ ಹಿರಿಯರೂ, ಮೈಸೂರು ರೇಷ್ಮೆಯನ್ನೋ ಮೊಳಕಾಲ್ಮುರು ರೇಷ್ಮೆಯನ್ನೋ ಭುಜದ ಮೇಲೆ ಪಿನ್ ಮಾಡಿದ ದಕ್ಷಿಣದ ಕಡೆಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದಕ್ಕೂ ಎಳೆದ ನೂಲಿಗೆ, ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಜೋಡಿಸುವುದರಿಂದ ಹತ್ತಿಯ ಒಡಲು ಮತ್ತು ಕೆಂಪು ರೇಷ್ಮೆಯ ಸೆರಗು ಎರಡು ಬೇರೆ ಬಟ್ಟೆಗಳಂತೆ ಎದುರುಬದುರಾಗಿ ನಿಲ್ಲುತ್ತವೆ; ಖಣವನ್ನು ಕುಪ್ಪಸಕ್ಕೆಂದೇ ಅಂಚು ಸಹಿತ ನೇಯುವುದರಿಂದ ಕತ್ತರಿಸುವಾಗಲೇ ಆ ಅಂಚು ತೋಳಿಗೆ ಬರುವಂತೆ ಲೆಕ್ಕ ಹಾಕಲಾಗುತ್ತದೆ. ಬಣ್ಣ ಎದುರಾಗಬೇಕು, ಅಂಚು ಕಾಣಬೇಕು ಎಂಬ ಈ ಎರಡು ನಿಯಮಗಳು ಇಂದು ಮಾರುಕಟ್ಟೆಯಲ್ಲಿ ಖಣದ ಫ್ರಾಕು, ಇಳಕಲ್ ಸೆರಗಿನ ಕುರ್ತಾಗಳ ರೂಪದಲ್ಲಿ ಮರಳಿ ಬಂದಿವೆ. ಅವು ಚೆಂದವಾಗಿವೆ ನಿಜ. ಹಬ್ಬದ ಬಟ್ಟೆಯಿಂದ ಹಬ್ಬದ ಬಟ್ಟೆ ಹುಟ್ಟುವುದರಲ್ಲಿ ಅಂಥ ಅಚ್ಚರಿಯೇನೂ ಇಲ್ಲ. ಅಚ್ಚರಿ ಇರುವುದು ಕೆಲಸದ ಬಟ್ಟೆಯಲ್ಲಿ.

ಭದ್ರಾ ನಾಲೆಯ ನೀರು ಬಿಟ್ಟ ದಿನಗಳಲ್ಲಿ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ರಸ್ತೆಗಳಲ್ಲಿ ಬೆಳಗ್ಗೆ ಲಗೇಜ್ ಆಟೊಗಳಲ್ಲಿ, ಟ್ರ್ಯಾಕ್ಟರ್ ಟ್ರೈಲರ್‌ಗಳಲ್ಲಿ ಗುಂಪುಗುಂಪಾಗಿ ಭತ್ತದ ನಾಟಿಗೆ ಹೋಗುವ ಹೆಂಗಸರ ಉಡುಗೆಯನ್ನು ಇಲ್ಲಿ ಮೊದಲು ಹೆಸರಿಸಬೇಕು. ಹೂವಿನ ಅಚ್ಚಿನ ಪಾಲಿಯೆಸ್ಟರ್ ಸೀರೆ, ಅದರ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಸುತ್ತಿದ ಟವೆಲ್, ಕೆಸರಿಗೆ ಇಳಿಯುವಾಗ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ ನೆರಿಗೆ: ಇಷ್ಟೇ ಅದರ ಅಂಗಗಳು. ನೋಡುವ ಕಣ್ಣಿಗೆ ಇದು ಕೈಗೆ ಸಿಕ್ಕಿದ್ದನ್ನು ತೊಟ್ಟ ಬಡತನದಂತೆ ಕಾಣಬಹುದು. ಆದರೆ ಭತ್ತದ ಎಲೆಯ, ಅದಕ್ಕಿಂತಲೂ ಹೆಚ್ಚಾಗಿ ಈ ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳದ ಗರಿಯ ಅಂಚು ಬರಿಯ ಚರ್ಮವನ್ನು ಗೀರುತ್ತದೆ, ಸುಂಕು ಬಿದ್ದ ಕಡೆ ನವೆಯಾಗುತ್ತದೆ, ಬಾಗಿದ ಬೆನ್ನಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಗಿಡ್ಡ ತೋಳಿನ ಕುಪ್ಪಸ ಮತ್ತು ಜಾರುವ ಸೆರಗು ಈ ಮೂರಕ್ಕೂ ಉತ್ತರ ಕೊಡಲಾರವು. ತುಂಬುತೋಳಿನ ಅಂಗಿ ಕೈಯನ್ನು ಮುಚ್ಚುತ್ತದೆ, ಸೆರಗನ್ನು ಮೈಗೆ ಹಿಡಿದಿಟ್ಟು ಬಾಗಿದಾಗ ಸರಿಪಡಿಸಿಕೊಳ್ಳುವ ಕೆಲಸವನ್ನು ತಪ್ಪಿಸುತ್ತದೆ, ಸಡಿಲವಾಗಿರುವುದರಿಂದ ಗಾಳಿಯಾಡಲು ಬಿಡುತ್ತದೆ, ಕೆಸರಾದರೆ ಒಗೆದು ಮರುದಿನ ತೊಡಬಹುದು, ಹರಿದರೆ ದುಃಖವಿಲ್ಲ.

ಅದಕ್ಕಿಂತ ಮುಖ್ಯವಾದುದು ಅಂಗಿಯ ಜೇಬು. ಸೀರೆಗೆ ಜೇಬಿಲ್ಲ ಎಂಬ ಕೊರತೆಯನ್ನು ಕನ್ನಡ ನಾಡಿನ ಹೆಂಗಸರು ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಲ್ಲಿ ತುಂಬಿಕೊಂಡು ಬಂದಿದ್ದಾರೆ. ಚಿಲ್ಲರೆ ಕಾಸನ್ನು ಸೆರಗಿನ ತುದಿಯಲ್ಲಿ ಗಂಟು ಹಾಕುವುದು, ಕಾಳು ಸೊಪ್ಪುಗಳನ್ನು ಮಡಿಲಲ್ಲಿ ತುಂಬಿಕೊಳ್ಳುವುದು, ಎಲೆ ಅಡಿಕೆ ಸುಣ್ಣದ ಡಬ್ಬಿಗಳಿಗೆ ಬೇರೆ ಬೇರೆ ಅರೆಗಳಿರುವ, ಎಳೆದರೆ ಬಾಯಿ ಮುಚ್ಚುವ ದಾರದ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸುವುದು, ಇವೆಲ್ಲ ಒಂದೇ ಸಮಸ್ಯೆಯ ಪರಿಹಾರಗಳು. ಇಂದಿನ ಕೂಲಿಯ ಹೆಣ್ಣುಮಗಳು ಒಯ್ಯಬೇಕಾದುದರ ಪಟ್ಟಿಯೇ ಬದಲಾಗಿದೆ: ಮೊಬೈಲ್ ಫೋನು ಸೆರಗಿನ ಗಂಟಿನಲ್ಲಿ ನಿಲ್ಲುವುದಿಲ್ಲ, ಮತ್ತು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಪ್ರಯಾಣಿಸಲು ತೋರಿಸಬೇಕಾದ ಗುರುತಿನ ಚೀಟಿ ಮಡಿಲಲ್ಲಿ ಒದ್ದೆಯಾಗಬಾರದು. ಎದೆಯ ಎತ್ತರದಲ್ಲಿ, ಕೆಸರಿನಿಂದ ದೂರದಲ್ಲಿ, ಕಣ್ಣಿಗೆ ಕಾಣುವಂತಿರುವ ಅಂಗಿಯ ಜೇಬು ಇವಕ್ಕೆ ಸರಿಯಾದ ಸ್ಥಳ. ಹೆಂಗಸರ ಸಿದ್ಧ ಉಡುಪುಗಳಲ್ಲಿ ಜೇಬೇ ಇಲ್ಲವೆಂದು, ಇದ್ದರೂ ಬೆರಳು ತೂರದಷ್ಟು ಕಿರಿದೆಂದು ಲೋಕದ ಎಲ್ಲೆಡೆ ದೂರುಗಳಿರುವಾಗ, ಮಧ್ಯ ಕರ್ನಾಟಕದ ಗದ್ದೆಗಳಲ್ಲಿ ಆ ದೂರಿಗೆ ಯಾರ ಅಪ್ಪಣೆಯನ್ನೂ ಕಾಯದೆ ಪರಿಹಾರ ಕಂಡುಕೊಳ್ಳಲಾಗಿದೆ ಎಂಬುದು ಸಣ್ಣ ಮಾತಲ್ಲ.

ವಿನ್ಯಾಸದ ಭಾಷೆಯಲ್ಲಿ ಈ ಉಡುಗೆಯನ್ನು ಓದುವುದಾದರೆ ಮೂರು ಗುಣಗಳು ಎದ್ದು ಕಾಣುತ್ತವೆ. ದೇಹದ ಒಟ್ಟು ಹೊರರೇಖೆ, ಅಂದರೆ ದೂರದಿಂದ ನೆರಳಿನಂತೆ ನೋಡಿದಾಗ ಕಾಣುವ ಆಕಾರ, ಮೇಲೆ ನೇರ ಮತ್ತು ಸಡಿಲ, ಕೆಳಗೆ ನೆರಿಗೆಗಳಿಂದ ತುಂಬಿದುದು; ಪೇಟೆಯ ಅಂಗಡಿಗಳಲ್ಲಿ ‘ಓವರ್‌ಸೈಜ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಂಗಿಗಳು ಬಯಸುವ ಆಕಾರ ಇದೇ. ಎರಡನೆಯದಾಗಿ, ಮಾಸಿದ ಚೌಕುಳಿಯ ಅಂಗಿ ಮತ್ತು ಗಾಢ ಬಣ್ಣದ ಹೂವಿನ ಸೀರೆ ಎಂಬ ಎರಡು ಅಚ್ಚುಗಳು ಒಂದರ ಮೇಲೊಂದು ಬಂದರೂ ಗಲಿಬಿಲಿಯಾಗುವುದಿಲ್ಲ, ಏಕೆಂದರೆ ಒಂದು ಮಾಸಿದೆ, ಇನ್ನೊಂದು ಮಾಸಿಲ್ಲ. ಅಚ್ಚಿನ ಮೇಲೆ ಅಚ್ಚು ತೊಡಬಯಸುವವರು ತಿಳಿಯಬೇಕಾದ ಗುಟ್ಟು ಇಷ್ಟೇ. ಮೂರನೆಯದು, ಗಂಡಸಿನ ಉಡುಪನ್ನು ಹೆಣ್ಣು ತೊಟ್ಟಾಗ ಅದು ಅನುಕರಣೆಯಾಗದೆ ಹೊಸ ಉಡುಪೇ ಆಗುತ್ತದೆ ಎಂಬುದು, ಏಕೆಂದರೆ ಸೀರೆ ತನ್ನ ಸ್ಥಾನ ಬಿಟ್ಟುಕೊಟ್ಟಿಲ್ಲ. ಇಷ್ಟನ್ನು ಅರಿತ ದರ್ಜಿಯೊಬ್ಬರು, ಹತ್ತಿಯ ಬಟ್ಟೆಯಲ್ಲಿ, ಬಾಗಲು ಅನುವಾಗುವಂತೆ ಬೆನ್ನಿಗೆ ಮಡಿಕೆ ಬಿಟ್ಟು, ಗುಂಡಿ ಹಾಕುವ ಮುಚ್ಚಳದ ಜೇಬು ಇಟ್ಟು ಸೀರೆಯ ಮೇಲೆ ತೊಡುವ ಅಂಗಿಯೊಂದನ್ನು ಹೊಲಿದರೆ, ಗದ್ದೆಯ ಹೆಂಗಸಿಗೂ ಕಚೇರಿಗೆ ಹೋಗುವ ಹೆಂಗಸಿಗೂ ಅದು ಸಲ್ಲುತ್ತದೆ.

ನಗರದ ಒಳಗೆ ಬಿಸಿಲು ಬೇರೆ ರೂಪದ ಉಡುಗೆಯನ್ನು ಮಾಡಿದೆ. ಏಪ್ರಿಲ್ ಹೊತ್ತಿಗೆ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಸುತ್ತ ಸುಳಿದಾಡುವ ದಾವಣಗೆರೆಯಲ್ಲಿ, ವಿದ್ಯಾರ್ಥಿ ಭವನ ವೃತ್ತದಿಂದ ರಾಂ ಅಂಡ್ ಕೊ ವೃತ್ತದವರೆಗೆ ಸ್ಕೂಟರುಗಳಲ್ಲಿ ಸಾಗುವ ವಿದ್ಯಾರ್ಥಿನಿಯರು, ನರ್ಸುಗಳು, ಅಂಗಡಿ ಕೆಲಸದ ಹುಡುಗಿಯರು ವೇಲನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿ, ತುಂಬುತೋಳಿನ ತೆಳು ಕೋಟು ತೊಟ್ಟು, ಕೈಗೆ ಕೈಗವಸು ಏರಿಸುತ್ತಾರೆ. ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಒಂದಾದ ಈ ನಗರದಲ್ಲಿ ಕಾಮಗಾರಿಗಾಗಿ ಅಗೆದ ರಸ್ತೆಗಳ ದೂಳೂ ಈ ಮುಸುಕಿಗೆ ತನ್ನ ಕೊಡುಗೆ ಕೊಟ್ಟಿತು. ಗಮನಿಸಬೇಕಾದುದು ಸುತ್ತುವ ಕ್ರಮವನ್ನು: ಪಿನ್ ಇಲ್ಲದೆ, ಕನ್ನಡಿ ಇಲ್ಲದೆ, ಕೆಲವೇ ಕ್ಷಣಗಳಲ್ಲಿ ಕಟ್ಟಿ, ಕಾಲೇಜಿನ ಬಾಗಿಲಲ್ಲಿ ಅಷ್ಟೇ ಬೇಗ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವಂತೆ ಅದು ರೂಪುಗೊಂಡಿದೆ. ಇದಕ್ಕೆ ಸಿಂಥೆಟಿಕ್ ವೇಲ್ ಒದಗುವುದಿಲ್ಲ, ಜಾರುತ್ತದೆ, ಬೆವರು ಹೀರುವುದಿಲ್ಲ. ಮೆತ್ತಗಾದ ಹಳೆಯ ಹತ್ತಿ ವೇಲೇ ಬೇಕು. ಆದ್ದರಿಂದ ಒಮ್ಮೆ ಸೆಟ್ಟಿನ ಒಂದು ಭಾಗವಾಗಿ ಬಂದ ವೇಲು ಸೆಟ್ಟಿನ ಉಳಿದ ಭಾಗಗಳು ಸವೆದುಹೋದ ಮೇಲೂ ಸ್ಕೂಟರಿನ ಡಿಕ್ಕಿಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಮತ್ತು ಯಾವ ಬಣ್ಣದ ಡ್ರೆಸ್ಸಿಗೂ ಸಂಬಂಧವಿಲ್ಲದ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ದಾವಣಗೆರೆಯ ಬಡಾವಣೆಗಳಲ್ಲಿ ಬುರ್ಖಾದ ಮುಂಗೈ ಅಂಚಿಗೆ ಮಾಡಿಸಿಕೊಳ್ಳುವ ಸೂಕ್ಷ್ಮ ಕಸೂತಿಯೂ ಇದೇ ಬಗೆಯ ಗಮನಕ್ಕೆ ಅರ್ಹವಾದುದು. ಇಡೀ ಉಡುಪು ಒಂದೇ ಕಪ್ಪಾಗಿರುವಾಗ ಕೈಯಂಚಿನ ಎರಡು ಬೆರಳಗಲದ ಜಾಗದಲ್ಲಿ ತೊಟ್ಟವಳ ಆಯ್ಕೆ ಪೂರ್ತಿಯಾಗಿ ವ್ಯಕ್ತವಾಗುತ್ತದೆ.

ಹರಿಹರದ ನಾರಿನ ಕತೆ ಬೀದಿಗೆ ಬರುವುದು ನೈಟಿಯ ಮೂಲಕ. ರೇಯಾನ್ ಅಥವಾ ವಿಸ್ಕೋಸ್ ಎಂಬುದು ಹತ್ತಿಯಂತೆ ಗಿಡದಿಂದ ಬಂದುದಾದರೂ ಹತ್ತಿಯಂತೆ ನೇರವಾಗಿ ಕಿತ್ತು ನೂಲುವ ನಾರಲ್ಲ; ಮರವನ್ನು ಚೂರು ಮಾಡಿ, ಬೇಯಿಸಿ, ಅದರಲ್ಲಿನ ಸೆಲ್ಯುಲೋಸ್ ಎಂಬ ಮೂಲದ್ರವ್ಯವನ್ನು ತಿರುಳಾಗಿ ಬೇರ್ಪಡಿಸಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳ ನೆರವಿನಿಂದ ಅಂಟು ದ್ರಾವಣವನ್ನಾಗಿಸಿ, ಅದನ್ನು ಕೂದಲಿಗಿಂತ ಸಣ್ಣ ತೂತುಗಳ ಮೂಲಕ ಆಮ್ಲದೊಳಕ್ಕೆ ಒತ್ತಿದಾಗ ಎಳೆಗಳಾಗಿ ಹೆಪ್ಪುಗಟ್ಟುತ್ತದೆ. ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬ ರಸಾಯನತಜ್ಞರು 1892ರಲ್ಲಿ ಪೇಟೆಂಟ್ ಪಡೆದ ಈ ವಿಧಾನದ ನಾರು ಮೈಗೆ ತಂಪು, ಬಣ್ಣವನ್ನು ಗಾಢವಾಗಿ ಹಿಡಿಯುತ್ತದೆ, ಭಾರವಾಗಿ ಇಳಿಬೀಳುತ್ತದೆ, ಬೆಲೆಯೂ ಕೈಗೆಟಕುವಂಥದ್ದು. ಒದ್ದೆಯಾದಾಗ ಬಲ ಕಳೆದುಕೊಳ್ಳುವುದು ಮತ್ತು ಮೊದಲ ಒಗೆತಕ್ಕೆ ಕುಗ್ಗುವುದು ಅದರ ದೋಷಗಳು. ಅಂಗಡಿಯಲ್ಲಿ ಅಳತೆಗಿಂತ ಒಂದು ಸೈಜು ದೊಡ್ಡ ರೇಯಾನ್ ಕುರ್ತಾ ಕೇಳುವ, ದರ್ಜಿಯ ಬಳಿ ಒಳಗೆ ಬಟ್ಟೆ ಬಿಡಲು ಹೇಳುವ ಹೆಂಗಸರಿಗೆ ಈ ರಸಾಯನಶಾಸ್ತ್ರ ಅನುಭವದಿಂದಲೇ ಗೊತ್ತು.

ಈ ರೇಯಾನಿನಲ್ಲೂ ಹೊಲಿಯುವ, ಮನೆಯೊಳಗಿನ ರಾತ್ರಿಯುಡುಪಾಗಿ ಬಂದ ನೈಟಿ, ಹಾಲಿನ ಬೂತಿಗೆ, ತರಕಾರಿ ಗಾಡಿಗೆ, ಮಕ್ಕಳ ಶಾಲಾ ವಾಹನದವರೆಗೆ ಹೆಜ್ಜೆ ಹಾಕುತ್ತಾ ಮಧ್ಯಮ ಮತ್ತು ಕೆಳಮಧ್ಯಮ ವರ್ಗದ ಬೀದಿಗಳ ಹಗಲುಡುಪಾಗಿ ಬದಲಾದುದು ಇತ್ತೀಚಿನ ಉಡುಗೆ ಚರಿತ್ರೆಯ ದೊಡ್ಡ ಘಟನೆಗಳಲ್ಲಿ ಒಂದು. ಹೊಸ್ತಿಲು ದಾಟುವಾಗ ಮೇಲೊಂದು ಟವೆಲ್ಲನ್ನೋ ವೇಲನ್ನೋ ಹೊದೆಯುವುದು ಅದರ ನಿಯಮ. ಸೀರೆಯ ಸೆರಗು ಮಾಡುತ್ತಿದ್ದ ಮರ್ಯಾದೆಯ ಕೆಲಸವನ್ನು ಇಲ್ಲಿ ಬಿಡಿಯಾದ ಒಂದು ಬಟ್ಟೆ ಮಾಡುತ್ತದೆ. ಈ ಉಡುಗೆಯನ್ನು ಕಂಡು ಮೂಗು ಮುರಿಯುವವರು ಹಲವರು. ಆದರೆ ಅಡುಗೆ, ಒಗೆತ, ನೀರು, ಮಕ್ಕಳು ಎಂಬ ದುಡಿಮೆಯ ನಡುವೆ ಆರು ಗಜದ ಬಟ್ಟೆಯ ಹೊರೆಯಿಂದ ಬಿಡುಗಡೆ ಪಡೆದು, ಯಾರ ಬೆನ್ನು ತಟ್ಟುವಿಕೆಯೂ ಇಲ್ಲದೆ ತಾವೇ ಆರಿಸಿಕೊಂಡ ಉಡುಪನ್ನು ಹೆಂಗಸರು ಬೀದಿಯವರೆಗೆ ತಂದುದು ಆದರಕ್ಕೆ ಯೋಗ್ಯವಾದ ಸಂಗತಿ. ಎದೆಗೆ ಒಂದು ಮಡಿಕೆಯ ಪಟ್ಟಿ, ಪಕ್ಕಕ್ಕೆ ಎರಡು ಆಳವಾದ ಜೇಬು, ಟವೆಲ್ಲಿನ ಬದಲು ಅದೇ ಬಟ್ಟೆಯ ಹೊದಿಕೆ ಸೇರಿಸಿದರೆ ನೈಟಿಯು ಘನತೆಯ ಹಗಲುಡುಪಾಗುತ್ತದೆ. ಮಾರುಕಟ್ಟೆಗೆ ಹೊಸತಾಗಿ ಬರುತ್ತಿರುವ ಎಷ್ಟೋ ‘ಮ್ಯಾಕ್ಸಿ’ಗಳು ಇದೇ ದಿಕ್ಕಿನಲ್ಲಿವೆ.

ಆದರೆ ಈ ನಾರಿನ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ಮಾತ್ರ ಓದಿದರೆ ಸಾಲದು. ಮರದ ತಿರುಳಿಗಾಗಿ ನೀಲಗಿರಿ ನೆಡಲು 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಕೊಡಲು ಹೊರಟಾಗ, ದನಕರುಗಳ ಮೇವಿಗೂ ಸೌದೆಗೂ ಅದೇ ನೆಲವನ್ನು ನೆಚ್ಚಿಕೊಂಡಿದ್ದ ಹಳ್ಳಿಗರು ಎದ್ದುನಿಂತರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಒದಗುವ ಗಿಡಗಳನ್ನು ನೆಡಲಾಯಿತು. ಕಾರ್ಖಾನೆಯಿಂದ ತುಂಗಭದ್ರೆಯ ನೀರು ಕೆಡುತ್ತಿದೆ ಎಂಬ ದನಿಯೂ ಆ ಕಾಲದಲ್ಲಿ ಎದ್ದಿತ್ತು. ಬೀದಿಯ ಉಡುಗೆಯಿಂದ ಪ್ರೇರಣೆ ಪಡೆಯುವವರಿಗೆ ಬಟ್ಟೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೂ ಕೇಳುವ ಹೊಣೆಯಿದೆ, ಹರಿಹರದಲ್ಲಿ ಆ ಹೊಣೆ ಇನ್ನಷ್ಟು ಹತ್ತಿರದ್ದು.

ಗಂಡಸರ ಉಡುಗೆಯಲ್ಲಿ ವೈವಿಧ್ಯ ಕಡಿಮೆಯಾದರೂ ಎರಡು ಬಣ್ಣಗಳು ಹೇಳಿಕೊಳ್ಳುವಂಥವು. ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ದೂಳಿನ ನಡುವೆ ನಿಂತು ವ್ಯವಹಾರ ಮಾಡುವವರು ತೊಡುವುದು ಅಚ್ಚ ಬಿಳಿಯ ಪಂಚೆ, ಬಿಳಿಯ ಅಂಗಿ, ಹೆಗಲಿಗೆ ಬಿಳಿಯ ವಸ್ತ್ರ. ಬಿಳಿ ಬಿಸಿಲನ್ನು ತಡೆಯುತ್ತದೆ ಎಂಬುದರ ಜೊತೆಗೆ, ದಿನವೂ ಮಾಸುವ ಜಾಗದಲ್ಲಿ ದಿನವೂ ಬಿಳಿಯನ್ನೇ ಉಡುವುದು ನಂಬಿಕೆಗೆ ಅರ್ಹ ಎಂಬ ಪ್ರಕಟಣೆಯೂ ಹೌದು. ಆಟೊ ಚಾಲಕರ ಖಾಕಿಯ ಚರಿತ್ರೆಗೆ ಕರ್ನಾಟಕದ್ದೇ ನಂಟಿದೆ, ಏಕೆಂದರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಯೋಹಾನ್ ಹಾಲರ್ ಮಾಸದ ಖಾಕಿ ಬಣ್ಣವನ್ನು ರೂಪಿಸಿದ್ದು ದೂರದ ಸೈನ್ಯಗಳ ಸಮವಸ್ತ್ರದವರೆಗೂ ಹೋಯಿತು.

ಬೀದಿಯಲ್ಲಿ ಕಂಡುದು ಉಡುಪಾಗಿ ಬದಲಾಗುವ ಸ್ಥಳ ದರ್ಜಿಯ ಅಂಗಡಿ. ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗಳ ಜವಳಿ ಅಂಗಡಿಗಳಲ್ಲಿ ತಾನಿನಿಂದ ಮೀಟರಿನ ಲೆಕ್ಕದಲ್ಲಿ ಬಟ್ಟೆ ಹರಿಸಿಕೊಂಡು, ಕಟ್‌ಪೀಸ್ ಗುಡ್ಡೆಯಿಂದ ಲೈನಿಂಗ್ ಆರಿಸಿಕೊಂಡು ಬರುವ ಗಿರಾಕಿ, ಮೊಬೈಲಿನಲ್ಲಿ ನಟಿಯೊಬ್ಬರ ಚಿತ್ರವನ್ನೂ ಮದುವೆಯಲ್ಲಿ ಕಂಡ ಯಾರದೋ ಕುಪ್ಪಸದ ಬೆನ್ನಿನ ನೆನಪನ್ನೂ ಒಟ್ಟಿಗೆ ತರುತ್ತಾಳೆ. ಆ ಕತ್ತು ಈ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಪೈಪಿಂಗ್ ಕೊಟ್ಟರೆ ನಿಲ್ಲುತ್ತದೆ, ತೋಳಿಗೆ ಅಂಚು ಸಾಲದು ಎಂದು ತಿದ್ದುತ್ತಾ ದರ್ಜಿಯು ಚಿತ್ರವನ್ನು ಊರಿಗೆ ಹೊಂದಿಸುತ್ತಾರೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸವನ್ನು ಮನೆಮನೆಗಳಲ್ಲಿ ಹೆಂಗಸರು ಸಂಪಾದನೆಯ ದಾರಿಯಾಗಿಸಿಕೊಂಡಿದ್ದು, ಮಣಿ ಸೇರಿಸುವ, ಬಣ್ಣ ಬೆರೆಸುವ ಹೊಸ ಹೊಸ ಬಗೆಗಳು ಅವರ ಕೈಯಲ್ಲೇ ಹುಟ್ಟುತ್ತವೆ, ಯಾವ ವಿನ್ಯಾಸಕಾರರ ಹೆಸರೂ ಅವಕ್ಕೆ ಅಂಟಿಲ್ಲ. ಫ್ಯಾಷನ್ ಎಂದರೆ ಹೆಸರಾಂತರ ಸೃಷ್ಟಿ ಎಂದು ತಿಳಿದವರು ಇಂಥ ಅಂಗಡಿಯೊಂದರ ಬೆಂಚಿನ ಮೇಲೆ ಒಂದು ಸಂಜೆ ಕುಳಿತರೆ ಸಾಕು, ಅಭಿಪ್ರಾಯ ಬದಲಾಗುತ್ತದೆ.

ಹೆಸರಿಲ್ಲದವರಿಂದ ಪಡೆದುದಕ್ಕೆ ಋಣ ಹೇಳುವುದು ಹೇಗೆ ಎಂಬುದು ಈ ವಿಷಯದ ಅತ್ಯಂತ ಕಷ್ಟದ ಭಾಗ. ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವಾದುದರಿಂದ ಪ್ರತಿವರ್ಷ ಫೆಬ್ರುವರಿಯ ಸೇವಾಲಾಲ್ ಜಯಂತಿಗೆ ಲಂಬಾಣಿ ತಾಂಡಾಗಳ ಜನ ಅಲ್ಲಿ ಸೇರುತ್ತಾರೆ. ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಹೊಲಿದ ಕಾಂಚಳಿ ಎಂಬ ಕುಪ್ಪಸ ಮತ್ತು ಪೇಟಿಯಾ ಎಂಬ ಲಂಗ ತೊಟ್ಟ ಹಿರಿಯ ಹೆಂಗಸರು ಆಗ ಹರಿಹರ, ದಾವಣಗೆರೆಗಳ ಬಸ್ ನಿಲ್ದಾಣಗಳಲ್ಲೂ ಕಾಣುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶದ ಉತ್ಪನ್ನಕ್ಕೆ ಮಾತ್ರ ಆ ಹೆಸರನ್ನು ಕಾಯ್ದಿಡುವ ಕಾನೂನಿನ ರಕ್ಷಣೆ, ದೊರೆತಿದೆ. ಆದರೆ ಆ ಕಸೂತಿಯನ್ನು ಯಂತ್ರದಲ್ಲಿ ಅಚ್ಚೊತ್ತಿ ‘ಬೋಹೊ’ ಎಂಬ ಹೆಸರಿನಲ್ಲಿ ಮಾರುವವರನ್ನು ಈ ರಕ್ಷಣೆ ಪೂರ್ತಿಯಾಗಿ ತಡೆಯಲಾರದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆಗಳನ್ನು ಮೂಲದ ಉಲ್ಲೇಖವಿಲ್ಲದೆ ತೋರಿಸಿದಾಗ ಭಾರತದಲ್ಲಿ ಎದ್ದ ಆಕ್ಷೇಪದ ನಂತರವೇ ಸಂಸ್ಥೆ ಆ ಪ್ರೇರಣೆಯನ್ನು ಒಪ್ಪಿಕೊಂಡಿತು; 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರಗಳೂ ಸೇರಿವೆ ಎಂಬುದು ಆ ಚರ್ಚೆಯಲ್ಲಿ ಹಲವರಿಗೆ ನೆನಪಾಗಲಿಲ್ಲ. ಕಾರಣವನ್ನು ಕಲಿಯುವುದು ಪ್ರೇರಣೆ, ರೂಪವನ್ನು ಎತ್ತಿಕೊಳ್ಳುವುದು ನಕಲು ಎಂಬ ಗೆರೆಯನ್ನು ಇಲ್ಲಿ ಎಳೆಯಬಹುದು: ಸೀರೆಯ ಮೇಲಿನ ಅಂಗಿಯ ಜೇಬಿನಿಂದ ಕಲಿತ ಪಾಠ ಯಾರ ಸೊತ್ತನ್ನೂ ಕಸಿಯುವುದಿಲ್ಲ, ಲಂಬಾಣಿ ಹೆಂಗಸಿನ ಕೈಯ ಹೊಲಿಗೆಯನ್ನು ಮಾತ್ರ ಆಕೆಯಿಂದಲೇ, ಆಕೆ ಹೇಳಿದ ಬೆಲೆಗೆ ಕೊಳ್ಳಬೇಕು.

ನೋಡುವುದಕ್ಕೂ ಮರ್ಯಾದೆ ಇದೆ. ದಾರಿಹೋಕ ಹೆಂಗಸಿನ ಚಿತ್ರವನ್ನು ಕೇಳದೆ ತೆಗೆಯುವುದು ಯಾವ ಪ್ರೇರಣೆಯ ಹೆಸರಿನಲ್ಲೂ ಸಲ್ಲದು. ಗಮನಿಸಿದ್ದನ್ನು ನೋಟುಪುಸ್ತಕದಲ್ಲಿ ಗೆರೆಗಳಲ್ಲಿ ಬರೆದುಕೊಂಡು, ಸಾಧ್ಯವಾದಲ್ಲಿ ಯಾಕೆ ಹೀಗೆ ಉಟ್ಟಿರಿ ಎಂದು ಕೇಳಿ ತಿಳಿದುಕೊಂಡರೆ, ಮುಖವಿಲ್ಲದ ಚಿತ್ರವೂ ಛಾಯಾಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ. ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನವನ್ನು ಕಲಿಸುವ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ, ಗೆರೆ ಬಣ್ಣಗಳನ್ನು ಕಲಿಸುವ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ನಾರನ್ನು ಬಲ್ಲವರೂ ರೂಪವನ್ನು ಬಲ್ಲವರೂ ಒಂದೇ ಊರಿನಲ್ಲಿರುವುದು ಎಲ್ಲ ನಗರಗಳಿಗೂ ಸಿಗುವ ಅನುಕೂಲವಲ್ಲ. ಎರಡೂ ಕಡೆಯ ವಿದ್ಯಾರ್ಥಿಗಳು ಮುಂದಿನ ನಾಟಿಯ ಕಾಲದಿಂದಲೇ ಆರಂಭಿಸಿ, ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ಈ ಎರಡು ನಗರಗಳ ಬೀದಿಗಳಲ್ಲಿ ಜನ ಏನು ಉಡುತ್ತಾರೆ, ಅದು ಯಾವ ನಾರಿನದು, ಎಲ್ಲಿ ಹೊಲಿಸಿದ್ದು, ಯಾಕೆ ಹಾಗೆ ಉಟ್ಟಿದ್ದು ಎಂಬುದನ್ನು ಪ್ರತಿವರ್ಷ ದಾಖಲಿಸಿ, ಆ ದಾಖಲೆಯನ್ನು ಚೌಕಿಪೇಟೆಯ ದರ್ಜಿಗಳಿಗೂ ಕುಚ್ಚು ಕಟ್ಟುವ ಹೆಂಗಸರಿಗೂ ನೋಡಲು ಸಿಗುವಂತೆ ಊರಿನೊಳಗೇ ಪ್ರದರ್ಶಿಸಬೇಕು. ಈ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಎರಡು ವಿಭಾಗಗಳ ಅಧ್ಯಾಪಕರು ಒಂದು ಮಧ್ಯಾಹ್ನ ಕುಳಿತು ನಿರ್ಧರಿಸಿದರೆ ಈ ವರ್ಷವೇ ಮೊದಲಾಗಬಹುದು.